ಲಲಿತಾ ಆರಿಸಿದ ಬ್ಯಾಟರಿ

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಹೊಸಪೇಟೆಯ ಪಟೇಲ್ ನಗರದಲ್ಲಿ ಮರುಳಸಿದ್ದಪ್ಪನವರ ಮನೆಯ ಕಾರು ಸ್ಟಾರ್ಟ್ ಆಗಲಿಲ್ಲ. ಸೊಸೆ ಲಲಿತಾ ಕೀ ತಿರುಗಿಸಿದಾಗಲೆಲ್ಲ ಬಾನೆಟ್ಟಿನೊಳಗಿಂದ ಕಟ್ ಕಟ್ ಎಂಬ ಸದ್ದಷ್ಟೇ ಬಂತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಪಕ್ಕದ ಸೀಟಿನಲ್ಲಿ ಕೂತಿದ್ದ ಮರುಳಸಿದ್ದಪ್ಪ, "ಬಿಡವ್ವ, ಬ್ಯಾಟರಿ ಸತ್ತೈತಿ," ಎಂದರು.

"ಹಾರ್ನ್ ಹೊಡದು ನೋಡ್ಲೇನ್ರಿ ಮಾವ?"

"ಸತ್ತಿದ್ದರ ಮುಂದ ಹಾರ್ನ್ ಹೊಡದ್ರ ಏಳ್ತೈತೇನು?"

ಲಲಿತಾ ನಕ್ಕಳು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅತ್ತೆ ಮುದುಕಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಚಲೋ ಆತು. ಇನ್ನಾದ್ರೂ ಎಲ್ಲಾರಂಗ ಬಸ್ಸಿಗೆ ಹೋಗ್ಲಿ," ಎಂದು ಹೊರಗೆ ಕೇಳುವಷ್ಟು ಜೋರಾಗಿಯೇ ಹೇಳಿದರು. ಲಲಿತಾ ಬ್ಯಾಗು ಎತ್ತಿಕೊಂಡು ಬಸ್ ನಿಲ್ದಾಣದ ಕಡೆಗೆ ಓಡಿದಳು.

ಆ ಮಾರುತಿ ಕಾರನ್ನು ಮರುಳಸಿದ್ದಪ್ಪ ತಮ್ಮ ಬಟ್ಟೆ ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಕೊಂಡಿದ್ದರು. ಆಮೇಲೆ ಕಣ್ಣು ಕೈಕೊಟ್ಟಿತು. ಎಡಗಣ್ಣಿಗೆ ಆಪರೇಷನ್ ಆದರೂ ಎದುರಿಗೆ ಬರುವ ಗಾಡಿ ಎರಡೆರಡಾಗಿ ಕಾಣತೊಡಗಿ, ಅವರೇ ಸ್ಟೀರಿಂಗ್ ಬಿಟ್ಟರು. ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಾಡಿಗೆಗೆ ಕೊಟ್ಟರು. ಮಗ ಮನೋಹರನಿಗೆ ಬಟ್ಟೆ ಅಳೆಯುವುದರಲ್ಲಿ ಮೊದಲಿನಿಂದಲೂ ಮನಸ್ಸಿರಲಿಲ್ಲ. ಸಂಡೂರಿನ ಗಣಿಗಳಿಂದ ಅದಿರು ಸಾಗಿಸುವ ಲಾರಿಗಳಿಗೆ ಬೇಡಿಕೆ ಏರಿದ್ದೇ ತಡ, ಅವನು ಎರಡು ಲಾರಿ ಹಾಕಿದ. ಬಿಳಿ ಬೊಲೆರೊ ಬಂತು, ಕೈಗೆ ಎರಡು ಫೋನು ಬಂದವು. ಮಾರುತಿ ಮಾತ್ರ ಕಾಂಪೌಂಡಿನ ಮೂಲೆಯಲ್ಲಿ ಕೆಂಪು ಧೂಳು ಹೊದ್ದು ನಿಂತಿತು.

ಲಲಿತಾ ಕಮಲಾಪುರದ ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಹಂಪಿಗೆ ಹೋಗುವವರು, ಸಂತೆಗೆ ಹೋಗುವವರು, ಬಾಳೆಯೆಲೆಯ ಕಟ್ಟು ಹೊತ್ತವರು ಎಲ್ಲರೂ ತುಂಬಿದ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬರುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ, "ಆ ಕಾರು ಸುಮ್ಮನ ನಿಂತೈತಲ್ಲ, ನಾನು ಓಡಿಸಾಕ ಕಲೀಲೇನ್ರಿ?" ಎಂದು ಕೇಳಿದಾಗ ಮನೋಹರ ನಕ್ಕು, "ಕಲಿ, ಕಲಿ," ಎಂದಿದ್ದ. ನಾಲ್ಕು ದಿನಕ್ಕೆ ಸಾಕೆನ್ನುತ್ತಾಳೆ ಎಂದು ಅವನ ಲೆಕ್ಕ.

ಅವಳು ಸಾಕೆನ್ನಲಿಲ್ಲ. ಕಲಿಸಿದವರು ಮರುಳಸಿದ್ದಪ್ಪ. ಸಂಕ್ರಾಂತಿ ಕಳೆದ ಮೇಲೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಎಡಗಡೆ ಕೂರುತ್ತಿದ್ದರು. ಕಾಲುವೆ ಪಕ್ಕದ ದಾರಿಯಲ್ಲಿ ಮೊದಮೊದಲು ಇಬ್ಬರೂ ಕ್ಲಚ್ಚು, ಗೇರಿನ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಕೈ ಹಿಡಿತಕ್ಕೆ ಬಂದಂತೆ ಲಲಿತಾ ಮಾತಾಡತೊಡಗಿದಳು. ಕಂಪ್ಲಿಯಲ್ಲಿ ಕಬ್ಬು ತೂಗುವ ಕೆಲಸದಲ್ಲಿದ್ದ ತನ್ನ ತಂದೆಯ ವಿಷಯ, ಎಂ.ಎಸ್ಸಿ. ಓದಬೇಕೆಂದಿದ್ದದ್ದು, ಮದುವೆ ಗೊತ್ತಾದಾಗ ಅರ್ಜಿಯನ್ನು ಹರಿದು ಹಾಕಿದ್ದು. ಮರುಳಸಿದ್ದಪ್ಪ ಕೂಡ, ಅಂಗಡಿಯ ಕೊನೆಯ ದಿನ ಶಟರ್ ಎಳೆದು ಮನೆಗೆ ಬರದೆ ಸಂಜೆವರೆಗೂ ಟಿ.ಬಿ. ಡ್ಯಾಮಿನ ತೋಟದಲ್ಲಿ ಕೂತಿದ್ದನ್ನು ಅವಳಿಗೆ ಮಾತ್ರ ಹೇಳಿದ್ದರು. ಬೇಸಿಗೆ ರಜೆಯಲ್ಲಿ ಲೈಸೆನ್ಸ್ ಬಂತು. ಶಾಲೆ ಶುರುವಾದ ಮೇಲೆ ಅವಳು ಕಾರಿನಲ್ಲೇ ಕಮಲಾಪುರಕ್ಕೆ ಹೋಗತೊಡಗಿದಳು. ಧೈರ್ಯಕ್ಕೆ ಮಾವ ಜೊತೆಗಿರುತ್ತಿದ್ದರು. ಅಲ್ಲಿ ಪರಿಚಯದವರ ಅಂಗಡಿ ಕಟ್ಟೆಯಲ್ಲಿ ಪೇಪರ್ ಓದಿ ಬಸ್ಸಿಗೆ ವಾಪಸಾಗುತ್ತಿದ್ದರು.

ಈಗ ಕಾರು ಅವಳಿಗೆ ಬೇಕೇ ಬೇಕಿತ್ತು. ಶಾಲೆಯ ಹೆಡ್‌ಮಾಸ್ತರು ದಸರಾಕ್ಕೆ ನಿವೃತ್ತರಾಗುವವರಿದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ಬೆಳಿಗ್ಗೆ ಏಳೂವರೆಗೆ ವಿಶೇಷ ತರಗತಿ ಇಟ್ಟುಕೊಂಡು ನಿಭಾಯಿಸುವವರಿಗೇ ಆ ಜಾಗ ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ಲಲಿತಾ ಒಪ್ಪಿಕೊಂಡು ಬಂದಿದ್ದಳು. ಅಷ್ಟು ಹೊತ್ತಿಗೆ ಮುಟ್ಟಿಸುವ ಬಸ್ಸನ್ನು ನಂಬುವಂತಿರಲಿಲ್ಲ.

ಕಾರು ನಿಂತ ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಬ್ಯಾಟರಿಯ ಮಾತು ಬಂತು. ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ ಇತ್ತು. ಮನೋಹರ ಒಂದು ಫೋನನ್ನು ಕಿವಿಗೆ ಹಿಡಿದುಕೊಂಡೇ ರೊಟ್ಟಿ ಮುರಿಯುತ್ತಿದ್ದ. ಮಾತು ಮುಗಿಸಿ, "ಏನಾಗೈತಿ ಗಾಡಿಗೆ?" ಎಂದ.

"ಬ್ಯಾಟರಿ ಹೋಗೈತ್ರಿ. ಹೊಸದು ಹಾಕಿಸಬೇಕು," ಎಂದಳು ಲಲಿತಾ.

"ಆ ಡಬ್ಬಕ್ಕ ಇನ್ನೊಂದು ಬ್ಯಾಟರಿ ಯಾಕ? ಇವತ್ತು ಬ್ಯಾಟರಿ, ನಾಳಿ ಟೈರು. ಬಸ್ಸಿಗೇನಾಗೈತಿ?"

"ಏಳೂವರೆಗೆ ಕ್ಲಾಸು ಐತಂತ ಹೇಳಿದ್ನಲ್ರಿ. ರೊಕ್ಕ ನಾನ ಕೊಡ್ತೀನಿ."

"ನಿನ್ನ ಸಂಬಳ ನಮ್ಮ ಲಾರಿ ಡ್ರೈವರನ ಊಟದ ಖರ್ಚಿಗೆ ಸಾಲಂಗಿಲ್ಲ. ಅದಕ್ಯಾಕ ಇಷ್ಟು ಒದ್ದಾಡ್ತಿ?"

ಮಗಳು ಸ್ಫೂರ್ತಿ ತಟ್ಟೆಯಿಂದ ತಲೆ ಎತ್ತಿ, "ಅಪ್ಪ, ಅಮ್ಮ ಎಚ್.ಎಂ. ಆಗ್ತಾಳ," ಎಂದಳು. ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ಯಾರು ಏನೆಂದರೂ ಒಂದು ಮಾತು ಸೇರಿಸುವ ಹುಡುಗಿ.

"ಎಚ್.ಎಂ. ಆದ್ರ ಮನ್ಯಾಗ ಬೆಳಿಗ್ಗೆ ರೊಟ್ಟಿ ಬಡಿಯೋರು ಯಾರು? ನೀನೇನು?" ಎಂದರು ಮುದುಕಮ್ಮ. "ನನ್ನ ರಟ್ಟಿ ಬಿದ್ದು ಹೋಗ್ಯಾವು."

ಮರುಳಸಿದ್ದಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟು, "ಜಗಳ ಬ್ಯಾಡ. ಗಾಡಿ ನನ್ನ ಹೆಸರಿಲೇ ಐತಿ, ಬ್ಯಾಟರಿ ನಾನ ಹಾಕಿಸ್ತೀನಿ," ಎಂದರು. ಮನೋಹರ ಭುಜ ಕುಣಿಸಿ ಎದ್ದುಹೋದ.

ಶನಿವಾರ ಶಾಲೆ ಅರ್ಧ ದಿನ. ಲಲಿತಾ ಸ್ಫೂರ್ತಿಯನ್ನು ಕರೆದುಕೊಂಡು ಕಾಲೇಜು ರಸ್ತೆಯ ಬ್ಯಾಟರಿ ಅಂಗಡಿಗೆ ಹೋದಳು. ಅಂಗಡಿಯವ ಮೊದಲು, "ಯಜಮಾನ್ರು ಬರಲಿಲ್ಲೇನ್ರಿ?" ಎಂದ. ಅವಳು ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಕೇಳಿದಳು. ಈ ಕಾರಿಗೆ ಎಷ್ಟು ಶಕ್ತಿಯದು ಸಾಕು? ನೀರು ಹಾಕುವಂಥದು ಒಳ್ಳೆಯದೋ, ಹಾಕದಂಥದೋ? ದಿನಾ ಸ್ವಲ್ಪವೇ ದೂರ ಓಡಿದರೆ ಚಾರ್ಜ್ ಉಳಿಯುತ್ತದೆಯೇ? ಡಬ್ಬಿಯ ಮೇಲೆ ಬರೆದ ತಿಂಗಳು ಯಾವುದು, ಎಷ್ಟು ದಿನದಿಂದ ಅಂಗಡಿಯಲ್ಲಿ ಕೂತಿದೆ? ಕೊನೆಗೆ ಅಂಗಡಿಯವನೇ ಕೆಲಸದವನಿಗೆ ಚಹಾ ಹೇಳಿದ. ಅವಳು ಮೂರು ವರ್ಷದ ಗ್ಯಾರಂಟಿಯ ಒಂದನ್ನು ಆರಿಸಿದಳು. ಹೊಸ ಮಾಲು, ಹಿಂದಿನ ತಿಂಗಳು ಬಂದದ್ದು. ಮನೆಗೆ ಬಂದು ಮಾವನಿಗೆ ಅದರ ಹೆಸರನ್ನು ಎರಡು ಸಲ ಹೇಳಿದಳು.

"ಹಳೇ ಬ್ಯಾಟರಿ ಒಯ್ದು ಕೊಟ್ರ ಬೆಲೆ ಕಡಿಮಿ ಮಾಡ್ತಾರಂತ್ರಿ. ಬೆಲೆ ಸ್ವಲ್ಪ ಜಾಸ್ತಿನ ಐತಿ. ಆದ್ರ ದಾರ್ಯಾಗ ಕೈಬಿಡಂಗಿಲ್ಲ ಅಂದಾರ."

"ಆತವ್ವ, ಸೋಮವಾರ ಹಾಕಿಸ್ತೀನಿ," ಎಂದರು ಮರುಳಸಿದ್ದಪ್ಪ. ಅವಳು ಇಷ್ಟೆಲ್ಲ ವಿಚಾರಿಸಿದ್ದು ಅವರಿಗೆ ಖುಷಿಯಾಗಿತ್ತು. ಅಂಗಡಿ ಇಟ್ಟಾಗ ಅವರೂ ಗಿರಾಕಿಗಳಿಗೆ ಹೀಗೇ ಹೇಳುತ್ತಿದ್ದರು, ತಗೊಂಡ್ರ ಬಾಳಿಕೆ ಬರೋದು ತಗೋರಿ ಎಂದು.

ಸೋಮವಾರ ಆಟೋದಲ್ಲಿ ಹಳೇ ಬ್ಯಾಟರಿ ಇಟ್ಟುಕೊಂಡು ಹೊರಟವರಿಗೆ ದಾರಿಯಲ್ಲಿ ದೊಡ್ಡಬಸಪ್ಪ ಸಿಕ್ಕಿದ. ಬೈಪಾಸ್ ಹತ್ತಿರ ಲಾರಿಗಳಿಗೆ ಬ್ಯಾಟರಿ ರಿಪೇರಿ ಮಾಡುವ ಶೆಡ್ಡು ಅವನದು. ಮನೋಹರನ ಲಾರಿಗಳೂ ಅಲ್ಲಿಗೇ ಹೋಗುತ್ತಿದ್ದವು. ಆಟೋ ನಿಲ್ಲಿಸಿ, "ಎಲ್ಲಿಗ್ರಿ ಯಜಮಾನ್ರ, ಬ್ಯಾಟರಿ ಹೊತ್ಕೊಂಡು? ನಮ್ಮ ಶೆಡ್ಡು ಇಲ್ಲೇನು?" ಎಂದ.

ಮರುಳಸಿದ್ದಪ್ಪ ವಿಷಯ ಹೇಳಿದರು. ದೊಡ್ಡಬಸಪ್ಪ ನಕ್ಕ.

"ಅಷ್ಟು ರೊಕ್ಕ ಹಾಕ್ತೀರಾ? ಆ ಗಾಡಿಗೆ ಗಿರಾಕಿ ನೋಡಂತ ನಿಮ್ಮ ಮನೋಹರ ನನಗ ಹೇಳ್ಯಾನಲ್ರಿ. ದೀಪಾವಳಿಯೊಳಗ ಕಳಿಸಿಬಿಡೋದಂತ. ನಿಮಗ ಗೊತ್ತಿಲ್ಲೇನು?"

ಮರುಳಸಿದ್ದಪ್ಪನವರಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಅಂದಿದ್ದ, ಅಂದಿದ್ದ," ಎಂದರು.

"ಮತ್ತ? ಹಳೇ ಡಬ್ಬಿಗೆ ಹೊಸ ಪ್ಲೇಟು ಹಾಕಿದ್ದು ಒಂದು ಐತಿ ನನ್ನ ಹತ್ರ. ಅರ್ಧ ಬೆಲೆ. ಗಾಡಿ ಮಾರೋ ತನಕ ಆರಾಮ ಎಳೀತೈತಿ. ಯಾರೋ ಕೊಂಡವರಿಗೆ ಹೊಸಾ ಬ್ಯಾಟರಿ ಕೊಟ್ಟು ಕಳಿಸ್ತೀರೇನು?"

ಮರುಳಸಿದ್ದಪ್ಪ ಆಟೋದಲ್ಲಿ ಕಾಲ ಬಳಿಯಿದ್ದ ಹಳೇ ಬ್ಯಾಟರಿಯನ್ನು ನೋಡಿದರು. ಮಗ ಮನಸ್ಸು ಮಾಡಿದರೆ ಮಾರಿಯೇ ಮಾರುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಗಾಡಿ ತಮ್ಮ ಹೆಸರಿನಲ್ಲಿದೆ, ಮಾರುವುದಿಲ್ಲ ಎಂದು ಮಗನ ಎದುರು ನಿಂತು ಹೇಳುವುದು ತಮ್ಮಿಂದ ಆಗದು ಎಂಬುದೂ ಗೊತ್ತಿತ್ತು. ಈಚೆಗೆ ಮನೆಗೆ ಅಕ್ಕಿ, ಬೇಳೆ, ಅವರ ಕಣ್ಣಿನ ಔಷಧಿ ಎಲ್ಲವೂ ಮನೋಹರನ ಕೈಯಿಂದಲೇ ಬರುತ್ತಿತ್ತು. ಆಟೋ ದೊಡ್ಡಬಸಪ್ಪನ ಶೆಡ್ಡಿನ ಕಡೆಗೆ ತಿರುಗಿತು.

ಸಂಜೆ ಲಲಿತಾ ಬರುವ ಹೊತ್ತಿಗೆ ಬ್ಯಾಟರಿ ಕೂತಿತ್ತು. ಅವಳು ಬ್ಯಾಗು ಇಳಿಸದೆಯೇ ಕೀ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಎದ್ದಿತು.

"ನಾ ಹೇಳಿದ್ದನ ಅಲ್ರಿ ಮಾವ?"

"ಹೂಂನವ್ವ."

"ಗ್ಯಾರಂಟಿ ಕಾರ್ಡು?"

"ನನ್ನ ಹತ್ರ ಐತಿ, ಇಟ್ಟೀನಿ."

ಮಾರುವ ಮಾತನ್ನು ಅವರು ಎತ್ತಲಿಲ್ಲ. ಮೊದಲು ಮನೋಹರನನ್ನು ಕೇಳೋಣ, ಆಮೇಲೆ ಇವಳಿಗೆ ಹೇಳೋಣ ಎಂದುಕೊಂಡರು. ಮನೋಹರನನ್ನು ಕೇಳಲೂ ಇಲ್ಲ. ಅವನು ಬೆಳಿಗ್ಗೆ ಸಂಡೂರಿಗೆ ಹೋದರೆ ಬರುವಷ್ಟರಲ್ಲಿ ಇವರು ಮಲಗಿರುತ್ತಿದ್ದರು ಎಂಬುದು ನೆಪಕ್ಕೆ ಸಾಕಾಯಿತು.

ವಿಶೇಷ ತರಗತಿ ಶುರುವಾಯಿತು. ಈಗ ಲಲಿತಾ ಒಬ್ಬಳೇ ಹೋಗುತ್ತಿದ್ದಳು. ಅಷ್ಟು ಬೇಗ ಮಾವನ ಪೂಜೆ ಮುಗಿಯುತ್ತಿರಲಿಲ್ಲ. ಅವಳು ಇನ್ನೂ ಬೇಗ ಎದ್ದು ಅರ್ಧ ರೊಟ್ಟಿ ಬಡಿದಿಟ್ಟೇ ಹೊರಡುತ್ತಿದ್ದಳು. ಮಿಕ್ಕ ಅರ್ಧವನ್ನು ಮುದುಕಮ್ಮ ಗೊಣಗುತ್ತ ಬಡಿಯುತ್ತಿದ್ದರು. ಗೊಣಗುತ್ತಲೇ ಡಬ್ಬಿಗೆ ಚಿತ್ರಾನ್ನವನ್ನೋ ಒಗ್ಗರಣೆ ಮಂಡಕ್ಕಿಯನ್ನೋ ತುಂಬಿ, "ತಿನ್ನು, ಅಲ್ಲಿ ಹೊಟ್ಟಿ ಹಸಕೊಂಡು ಒದರಬ್ಯಾಡ," ಎಂದು ಕಾರಿನ ಕಿಟಕಿಯಲ್ಲಿ ಕೊಡುತ್ತಿದ್ದರು. ಒಮ್ಮೆ ಗುಡಿಯ ಕಟ್ಟೆಯಲ್ಲಿ ಯಾರಿಗೋ, "ನಮ್ಮ ಸೊಸಿಗೆ ಬಸ್ಸು ಆಗಂಗಿಲ್ರಿ, ಕಾರ ಬೇಕು," ಎಂದು ಹೇಳುತ್ತಿದ್ದುದನ್ನು ಸ್ಫೂರ್ತಿ ಕೇಳಿಸಿಕೊಂಡು ಬಂದು ಮನೆಯವರಿಗೆಲ್ಲ ಹೇಳಿದಳು. ದೂರುವಂತೆಯೇ ಹೇಳಿದ್ದರಂತೆ, ಆದರೆ ಹೇಳುವಾಗ ಬೆನ್ನು ನೆಟ್ಟಗಿತ್ತಂತೆ.

ಮೂರನೆಯ ವಾರದಲ್ಲಿ ಲಲಿತಾ, "ಮಾವ, ಬೆಳಿಗ್ಗೆ ಸ್ಟಾರ್ಟ್ ಮಾಡೋವಾಗ ಸ್ವಲ್ಪ ಎಳದಂಗ ಆಗ್ತೈತ್ರಿ. ಬ್ಯಾಟರಿ ಒಮ್ಮೆ ತೋರಸ್ಬೇಕೇನು?" ಎಂದಳು.

ಮರುಳಸಿದ್ದಪ್ಪ ಪೇಪರಿನಿಂದ ಮುಖ ತೆಗೆಯಲಿಲ್ಲ. "ಹೊಸದೈತಲ್ಲವ್ವ, ಹೊಂದಿಕೊಳ್ಳಾಕ ದಿನ ಬೇಕು," ಎಂದರು. ಲಲಿತಾ ಅದನ್ನು ನಂಬಿದಳು.

ಅದಾದ ಎರಡು ದಿನಕ್ಕೆ, ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ಅನಂತಶಯನಗುಡಿಯ ರೈಲ್ವೆ ಗೇಟು ಬಿದ್ದಿತ್ತು. ಅದಿರಿನ ಗೂಡ್ಸ್ ಗಾಡಿ. ಡಬ್ಬಿಗಳು ಮುಗಿಯುವಂತೆಯೇ ಇರಲಿಲ್ಲ. ಎಲ್ಲರಂತೆ ಲಲಿತಾ ಕೂಡ ಎಂಜಿನ್ ಆರಿಸಿ ಕೂತಳು. ಅವಳ ಮುಂದೆ ಯಾವ ಗಾಡಿಯೂ ಇರಲಿಲ್ಲ. ಹಿಂದೆ ಬಾಳೆಗೊನೆಯ ಖಾಲಿ ಟ್ರ್ಯಾಕ್ಟರು, ಹಂಪಿ ಬಸ್ಸು, ಆಟೋಗಳು, ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಒಂದು ಆಟೋದಲ್ಲಿ ಅವಳದೇ ಶಾಲೆಯ ಹುಡುಗಿಯರಿದ್ದರು. ಕೈ ಬೀಸಿದರು. ಇವಳೂ ಬೀಸಿದಳು.

ಗೇಟು ಮೇಲೆದ್ದಾಗ ಕಾರು ಏಳಲಿಲ್ಲ. ಕಟ್ ಎಂಬ ಸದ್ದೂ ಬರಲಿಲ್ಲ.

ಹಿಂದಿನಿಂದ ಹಾರ್ನ್ ಶುರುವಾಯಿತು. ಬಸ್ಸಿನಿಂದ ಯಾರೋ, "ಲೇಡೀಸ್ ಗಾಡಿ, ಮುಗೀತು ಕಥಿ," ಎಂದರು. ಟ್ರ್ಯಾಕ್ಟರಿನವನು ಇಳಿದು ಬಂದ.

"ತಳ್ರಿ, ನಾನ ಸ್ಟಾರ್ಟ್ ಮಾಡ್ತೀನಿ," ಎಂದಳು ಲಲಿತಾ. ತಳ್ಳಿ ಸ್ಟಾರ್ಟ್ ಮಾಡುವುದನ್ನೂ ಮಾವ ಕಲಿಸಿದ್ದರು. ನಾಲ್ಕೈದು ಜನ ಕೈ ಹಚ್ಚಿದರು. ಆದರೆ ಹಳಿಯ ಕಡೆಗೆ ರಸ್ತೆ ಏರು. ಬೇಕಾದಷ್ಟು ವೇಗ ಬರಲಿಲ್ಲ. ಅವಳು ಕ್ಲಚ್ ಬಿಟ್ಟ ಕೂಡಲೇ ಕಾರು ಒಮ್ಮೆ ಜಗ್ಗಿ, ಮುಂದಿನ ಗಾಲಿ ಹಳಿಗೆ ತಾಗುವಂತೆ ನಿಂತುಬಿಟ್ಟಿತು. ಗೇಟಿನವನು ಕೂಗಾಡಿದ.

ಟ್ರ್ಯಾಕ್ಟರಿನವನು ಬಾಗಿಲು ತೆಗೆದ. "ಇಳೀರಿ ಮೇಡಂ. ನಿಮ್ಮಿಂದ ಆಗಂಗಿಲ್ಲ."

"ಏರು ಐತ್ರಿ. ಇನ್ನೊಮ್ಮೆ ತಳ್ರಿ, ಆಗ್ತೈತಿ."

"ಇಳೀರಿ ಅಂದೆ! ಹಿಂದ ನೋಡ್ರಿ ಎಷ್ಟು ಗಾಡಿ ಅದಾವು!"

ಲಲಿತಾ ಇಳಿದಳು. ಅವನು ಕೆಸರುಗಾಲಲ್ಲಿ ಅವಳ ಸೀಟಿನಲ್ಲಿ ಕೂತ. ಜನ ಹಳಿ ದಾಟಿಸಿ ತಳ್ಳಿದರು. ಆಚೆಯ ಇಳಿಜಾರಿನಲ್ಲಿ ಕಾರು ಸ್ಟಾರ್ಟ್ ಆಯಿತು. ಅವನು ಅದನ್ನು ಮುಂದೆ ಒಂದು ಚಹಾದಂಗಡಿಯ ಬಳಿ ಒಯ್ದು ನಿಲ್ಲಿಸಿದ. ಲಲಿತಾ ಬ್ಯಾಗನ್ನು ಎದೆಗೆ ಹಿಡಿದುಕೊಂಡು, ಸೀರೆಯ ನೆರಿಗೆ ಎತ್ತಿಕೊಂಡು, ಕೆಂಪು ರಾಡಿಯಲ್ಲಿ ತನ್ನ ಕಾರಿನ ಹಿಂದೆ ನಡೆದು ಹಳಿ ದಾಟಿದಳು. ಪಕ್ಕದಲ್ಲಿ ಗಾಡಿಗಳು ಒಂದೊಂದಾಗಿ ಅವಳನ್ನು ನೋಡುತ್ತ ದಾಟಿಹೋದವು. ಆಟೋದ ಹುಡುಗಿಯರು ಈ ಸಲ ಕೈ ಬೀಸಲಿಲ್ಲ.

ತರಗತಿಗೆ ಮುಟ್ಟುವಷ್ಟರಲ್ಲಿ ಮಕ್ಕಳು ಹೊರಗೆ ಆಡುತ್ತಿದ್ದರು.

ಸಂಜೆ ಅವಳು ಬಸ್ಸಿನಲ್ಲಿ ಬಂದಳು. ಕಾರು ಮತ್ತೆ ಏಳದೆ ಅವಳು ಶಾಲೆಯಿಂದ ಮನೆಗೆ ಫೋನು ಮಾಡಿದ್ದಳು; ದೊಡ್ಡಬಸಪ್ಪನ ಶೆಡ್ಡಿನವರು ಅದನ್ನು ಕಮಲಾಪುರದಿಂದ ತಂದು ಕಾಂಪೌಂಡಿನಲ್ಲಿ ನಿಲ್ಲಿಸಿದ್ದರು. ಮನೋಹರ ಅಂದು ಬೇಗ ಬಂದಿದ್ದ. ಊಟಕ್ಕೆ ಕೂತಾಗ ಲಲಿತಾ ಚುಟುಕಾಗಿ, "ಗೇಟಿನ ಹತ್ರ ಬ್ಯಾಟರಿ ಕೈಕೊಡ್ತು. ಜನ ತಳ್ಳಿದ್ರು," ಎಂದಷ್ಟೇ ಹೇಳಿದಳು.

"ಅದಕ್ಕ ಹೇಳಿದ್ದು ಬ್ಯಾಡ ಅಂತ," ಎಂದ ಮನೋಹರ. "ಊರ ಮುಂದ ಮರ್ಯಾದಿ ಹೋತು. ಆ ಟ್ರ್ಯಾಕ್ಟರಿನವ ಬಾಗಲ ತಗದು ನಿನ್ನ ಇಳಿಸಿ ತಾನು ಕುಂತ. ನೀನು ಹಿಂದಿಂದ ಬ್ಯಾಗ್ ಅಪ್ಪಿಕೊಂಡು, ಸೀರಿ ಎತ್ತಿಕೊಂಡು ರಾಡ್ಯಾಗ ನಡಕೊಂತ ಹೋಗೋದು, ಚಂದ ಇತ್ತೇನು ನೋಡಾಕ?"

ಲಲಿತಾ ಪಲ್ಯ ಬಡಿಸುತ್ತಿದ್ದವಳು ಸೌಟು ಪಾತ್ರೆಯಲ್ಲಿಟ್ಟಳು.

"ಇದನ್ನ ನಾ ಹೇಳಿಲ್ಲಲ್ರಿ. ನೀವು ಅಲ್ಲೇ ಇದ್ರಿ."

ಮನೋಹರ ನೀರಿನ ಲೋಟ ಎತ್ತಿಕೊಂಡ.

"ಎಲ್ಲಿದ್ರಿ?"

"ಹಿಂದ ಇದ್ದೆ. ಬಸ್ಸಿನ ಹಿಂದ. ಅದಿರು ಕೊಳ್ಳೋ ಚೆನ್ನೈ ಪಾರ್ಟಿನ ಹಂಪಿ ತೋರಸಾಕ ಕರ್ಕೊಂಡು ಹೊಂಟಿದ್ದೆ. ಅವರು ಗಾಡ್ಯಾಗ ಕುಂತಿದ್ರು, ಹೆಂಗ ಇಳೀಲಿ? ಅವರು ನಗಾಕತ್ತಿದ್ರು. ನನ್ನ ಹೆಂಡ್ತಿ ಅಂತ ಹೇಳ್ಲೇನು?"

ಸ್ಫೂರ್ತಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಾತಾಡಿದವರು ಮುದುಕಮ್ಮ.

"ಹೆಂಡ್ತಿ ಮಳ್ಯಾಗ ಬೀದ್ಯಾಗ ನಿಂತಿದ್ರ, ನೀನು ಗಾಡ್ಯಾಗ ಕುಂತು ನೋಡಿದ್ದೇನಲೇ? ಅವರ ಜೊತಿಗೆ ನೀನೂ ನಕ್ಕೆ ಏನು? ಇದಕ್ಕೇನು ನಿನ್ನ ಹಡದಿದ್ದು?"

"ನನ್ನ ಯಾಕ ಬೈತಿ ಅವ್ವ? ಆ ಹಳೇ ಡಬ್ಬಿ ಬ್ಯಾಟರಿ ಹಾಕಿಸಿದವರನ್ನ ಕೇಳು. ದೊಡ್ಡಬಸಪ್ಪ ಎಲ್ಲಾ ಹೇಳಿದ."

ಲಲಿತಾ ಮಾವನ ಕಡೆಗೆ ತಿರುಗಿದಳು. ಮರುಳಸಿದ್ದಪ್ಪನವರ ಕೈಯಲ್ಲಿ ಮುರಿದ ರೊಟ್ಟಿಯ ಚೂರು ಹಾಗೆಯೇ ಇತ್ತು.

"ಮಾವ, ನಾ ಆರಿಸಿದ್ದು ಹಾಕಿಸಿದ್ರಿ ಅಲ್ರಿ?"

"ಇಲ್ಲವ್ವ."

"ಮೊನ್ನಿ ನಾನು ಕೇಳಿದಾಗ…"

"ಅವಾಗ ಹೇಳಬೇಕಿತ್ತು. ಹೇಳಲಿಲ್ಲ." ಅವರ ಧ್ವನಿ ಇಳಿದಿತ್ತು. "ದೀಪಾವಳಿಗೆ ಗಾಡಿ ಮಾರ್ತಾನಂತ ದೊಡ್ಡಬಸಪ್ಪ ಅಂದ. ಎರಡು ಮೂರು ತಿಂಗಳಿಗೆ ಅಷ್ಟು ದೊಡ್ಡದು ಯಾಕ ಅನ್ನಿಸ್ತು."

ಲಲಿತಾ ಪಲ್ಯದ ಪಾತ್ರೆಯನ್ನು ಕೆಳಗಿಟ್ಟಳು. ಆಮೇಲೆ, "ಅಂದ್ರ ನಾನು ಓಡಿಸೋದು ಎರಡು ಮೂರು ತಿಂಗಳು ಅಷ್ಟ ಅಂತ ನಿಮಗೂ ಅನ್ನಿಸಿತ್ತು," ಎಂದಳು.

ಅವಳು ಎಲ್ಲರಿಗೂ ಅನ್ನ ಬಡಿಸಿದಳು, ಮಜ್ಜಿಗೆ ಹಾಕಿದಳು. ತಾನು ಉಣ್ಣದೆ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತ ಕೂತಳು. ಮುದುಕಮ್ಮ ಹೋಗಿ ಪಕ್ಕದಲ್ಲಿ ಕೂತು, ತಿಕ್ಕಿದ ಪಾತ್ರೆಯನ್ನು ತೊಳೆಯತೊಡಗಿದರು. ರಟ್ಟೆ ನೋವಿನ ಮಾತು ತೆಗೆಯಲಿಲ್ಲ.

ಮಾರನೆಯ ದಿನದಿಂದ ಲಲಿತಾ ಬಸ್ಸಿಗೆ ಹೋಗತೊಡಗಿದಳು. ಕೆಲವು ದಿನ ತರಗತಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದಳು, ಕೆಲವು ದಿನ ಇಲ್ಲ. ಗೇಟು ಬಿದ್ದರೆ ಬಸ್ಸೂ ನಿಲ್ಲುತ್ತಿತ್ತು. ಹೆಡ್‌ಮಾಸ್ತರು ಒಂದೆರಡು ಸಲ ಸುಮ್ಮನಿದ್ದರು. ಆಮೇಲೆ ಕರೆದು, "ಮಕ್ಕಳು ಕಾಯ್ತಾರ್ರಿ ಟೀಚರ್, ನಿಮಗ ಆಗಲಿಲ್ಲಂದ್ರ ಹೇಳಿಬಿಡ್ರಿ," ಎಂದರು. ಕಮಲಾಪುರದಲ್ಲೇ ಮನೆ ಇದ್ದ ವಿಜ್ಞಾನದ ಮೇಷ್ಟ್ರು ತರಗತಿ ವಹಿಸಿಕೊಂಡರು. ಲಲಿತಾ ಮನೆಗೆ ಬಂದು ಇದನ್ನು ಸ್ಫೂರ್ತಿಗೆ ಮಾತ್ರ ಹೇಳಿದಳು. ಸ್ಫೂರ್ತಿ ತಾತನಿಗೆ ಹೇಳಿದಳು.

ಮರುಳಸಿದ್ದಪ್ಪ ಮರುದಿನವೇ ಕಾಲೇಜು ರಸ್ತೆಯ ಅಂಗಡಿಗೆ ಹೋದರು. ಸೊಸೆ ಹೇಳಿದ್ದ ಬ್ಯಾಟರಿಯ ಹೆಸರನ್ನು ಹೇಳಿದಾಗ ಅಂಗಡಿಯವ ನೆನಪಿಸಿಕೊಂಡ.

"ಹೌದ್ರಿ, ಕಮಲಾಪುರದ ಟೀಚರು. ಭಾಳ ವಿಚಾರ ಮಾಡಿ ಆರಿಸಿದ್ರು. ಅವರು ಬರ್ತಾರಂತ ಒಂದು ವಾರ ತಗದು ಇಟ್ಟಿದ್ದೆ. ಆಮ್ಯಾಲೆ ಬೇರೆಯವರಿಗೆ ಕೊಟ್ಟೆ."

"ಅದನ್ನ ಕೊಡ್ರಿ. ಹೊಸ ಮಾಲು ನೋಡಿ ಕೊಡ್ರಿ," ಎಂದರು ಮರುಳಸಿದ್ದಪ್ಪ.

ಅಂಗಡಿಯ ಹುಡುಗರು ಬಂದು ಕೂಡಿಸಿಹೋದರು. ಸಂಜೆ ಲಲಿತಾ ಚಪ್ಪಲಿ ಬಿಡುತ್ತಿದ್ದಾಗ ಅವರು ಕೀ ಮತ್ತು ಗ್ಯಾರಂಟಿ ಕಾರ್ಡನ್ನು ಮುಂದೆ ಹಿಡಿದರು. ಕಾರ್ಡಿನ ಮೇಲೆ ಅವಳ ಹೆಸರನ್ನೇ ಬರೆಸಿದ್ದರು. ಅವಳು ಅದನ್ನು ಓದಿದಳು. ಹೊರಗೆ ಹೋಗಿ ಬಾನೆಟ್ ಎತ್ತಿ ನೋಡಿದಳು.

"ಇದ ರೀ ನಾ ಹೇಳಿದ್ದು. ಚಲೋ ಐತಿ."

"ನಾಳಿಯಿಂದ ತಗೊಂಡು ಹೋಗವ್ವ. ಬೇಕಂದ್ರ ನಾನೂ ಬರ್ತೀನಿ, ಪೂಜಿ ಆಮ್ಯಾಲೆ ಮಾಡ್ತೀನಿ."

"ಬ್ಯಾಡ್ರಿ ಮಾವ. ಎಂಟೂವರೆ ಬಸ್ಸು ನನಗ ಸಾಕಾಗ್ತೈತಿ ಈಗ. ಆ ಕ್ಲಾಸು ಬೇರೆಯವರಿಗೆ ಕೊಟ್ಟಾರ."

"ಮತ್ತ ಸ್ವಲ್ಪ ದಿನ ಕಾಲುವಿ ಕಡೆ ಹೋಗೋಣು. ಧೈರ್ಯ ಬರ್ತೈತಿ. ಮತ್ತ ಕಲತ್ರಾತು."

ಲಲಿತಾ ಕೀ ಮತ್ತು ಕಾರ್ಡನ್ನು ಅವರ ಕೈಗೇ ಕೊಟ್ಟಳು.

"ನಾನು ಕಲ್ತಿದ್ನಲ್ರಿ ಮಾವ," ಎಂದು ಒಳಗೆ ಹೋದಳು.

ಅವಳು ಸಿಟ್ಟು ಮಾಡಲಿಲ್ಲ, ತೌರಿಗೆ ಹೋಗುತ್ತೇನೆ ಎನ್ನಲಿಲ್ಲ. ಮನೋಹರನಿಗೆ ಅಂಗಿ ಇಸ್ತ್ರಿ ಮಾಡಿ ಇಡುತ್ತಿದ್ದಳು. ಮಾವನ ಕಣ್ಣಿಗೆ ಮೊದಲಿನಂತೆಯೇ ಹೊತ್ತಿಗೆ ಸರಿಯಾಗಿ ಔಷಧಿ ಬಿಡುತ್ತಿದ್ದಳು. ಆದರೆ ಮಾತು ನಿಂತುಹೋಗಿತ್ತು. ಹಾಕ್ಲೇನ್ರಿ, ಸಾಕೇನ್ರಿ, ಬರ್ತೀನ್ರಿ, ಅಷ್ಟೇ. ಮರುಳಸಿದ್ದಪ್ಪ ಎಷ್ಟೋ ಸಲ ತಾವಾಗಿಯೇ ಎತ್ತಿದರು. "ಕಂಪ್ಲ್ಯಾಗ ನಿಮ್ಮಪ್ಪ ಹೆಂಗದಾರವ್ವ?" "ಆರಾಮ ಅದಾರ್ರಿ." "ಶಾಲ್ಯಾಗ ಏನು ಸುದ್ದಿ?" "ಏನಿಲ್ರಿ ಮಾವ." ದಸರಾಕ್ಕೆ ವಿಜ್ಞಾನದ ಮೇಷ್ಟ್ರು ಹೆಡ್‌ಮಾಸ್ತರಾದರು. ಲಲಿತಾ ಅಂದು ಶಾಲೆಯಲ್ಲಿ ಹಂಚಿದ ಪೇಡೆಯನ್ನು ತಂದು ಎಲ್ಲರಿಗೂ ಒಂದೊಂದು ಕೊಟ್ಟಳು.

ಆ ಹೊತ್ತಿಗೆ ಅದಿರಿನ ಬೆಲೆ ಇಳಿಯತೊಡಗಿತ್ತು. ಮನೋಹರನ ಲಾರಿಯೊಂದು ಬೈಪಾಸಿನ ಪಕ್ಕ ಸುಮ್ಮನೆ ನಿಂತಿತ್ತು. ಚೆನ್ನೈ ಪಾರ್ಟಿ ಫೋನು ಎತ್ತುತ್ತಿರಲಿಲ್ಲ. ಅವನು ಸಿಡುಕುತ್ತಿದ್ದ. ಒಂದು ಸಲ ಮಾತ್ರ, ಲಲಿತಾ ಬಸ್ಸಿಗೆ ಹೊರಟಾಗ, "ಬಾ, ನಾನು ಬಿಟ್ಟು ಬರ್ತೀನಿ," ಎಂದ. "ಬಸ್ಸು ಐತ್ರಿ," ಎಂದು ಅವಳು ಹೋದಳು. ಅವನು ಬೊಲೆರೊ ಕೀಯನ್ನು ಕೈಯಲ್ಲಿ ತಿರುಗಿಸುತ್ತ ಬಾಗಿಲಲ್ಲಿ ನಿಂತ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಮ್ಮಿಗನೂರಿನ ಕೊಟ್ರಯ್ಯ ಎಂಬುವರು ಕಾರು ನೋಡಲು ಬಂದರು. ಭತ್ತದ ಗದ್ದೆ ಇದ್ದವರು, ಕುಟುಂಬ ಕರೆದುಕೊಂಡು ಕಂಪ್ಲಿಗೆ ಓಡಾಡಲು ಒಂದು ಗಾಡಿ ಬೇಕಿತ್ತು. ಮನೋಹರ ಬಾಗಿಲು ತೆಗೆದು ತೋರಿಸಿದ. ಮರುಳಸಿದ್ದಪ್ಪ ಕಟ್ಟೆಯ ಮೇಲೆ ಕೂತಿದ್ದರು. ಕೊಟ್ರಯ್ಯ ಕೀ ತಿರುಗಿಸಿದರು. ಕಾರು ತಕ್ಷಣ ಎದ್ದಿತು.

"ಬ್ಯಾಟರಿ ಮಸ್ತ್ ಐತ್ರಿ," ಎಂದರು ಕೊಟ್ರಯ್ಯ. "ಎಂಜಿನ್ನೂ ಚಲೋ ಇಟ್ಟೀರಿ. ಯಾರು ಓಡಿಸ್ತಿದ್ರಿ ಇದನ್ನ?"

"ನಮ್ಮಪ್ಪ ಓಡಿಸ್ತಿದ್ರು, ಮೊದಲು," ಎಂದ ಮನೋಹರ.

"ಅಲ್ಲ," ಎಂದರು ಮರುಳಸಿದ್ದಪ್ಪ. ಅವರು ಎದ್ದು ನಿಂತಿದ್ದರು. "ನಮ್ಮ ಸೊಸಿ ಓಡಿಸ್ತಿದ್ಲು. ಮಳಿ, ಲಾರಿ, ಗೇಟು ಯಾವುದಕ್ಕೂ ಅಂಜಲಿಲ್ಲ. ಒಂದು ಗೀರು ಬೀಳಿಸಿಲ್ಲ ನೋಡ್ರಿ ಗಾಡಿಗೆ. ಬ್ಯಾಟರಿ ಆರಿಸಿದ್ದೂ ಆಕಿನ. ಆಕಿ ಹಂಗ ಓಡಿಸೋರು ಈ ಮನ್ಯಾಗ ಯಾರೂ ಇಲ್ಲ."

"ಹೌದೇನ್ರಿ!" ಎಂದು ಕೊಟ್ರಯ್ಯ ಮೆಚ್ಚಿಗೆಯಿಂದ ಹೇಳಿದರು. "ಮತ್ತ ಯಾಕ ಕೊಡಾಕತ್ತೀರಿ?"

ಮನೋಹರ ಫೋನು ನೋಡುತ್ತ ಆ ಕಡೆ ಸರಿದ. ಮರುಳಸಿದ್ದಪ್ಪ ಕಟ್ಟೆಯ ಮೇಲೆ ಮತ್ತೆ ಕೂತರು. ಬಾಗಿಲಲ್ಲಿ ಮುದುಕಮ್ಮ ನಿಂತು ಕೇಳಿಸಿಕೊಂಡಿದ್ದರು. ಲಲಿತಾ ಕಮಲಾಪುರದಲ್ಲಿದ್ದಳು.

ಮಧ್ಯಾಹ್ನ ಮರುಳಸಿದ್ದಪ್ಪ ಕಾಗದಕ್ಕೆ ಸಹಿ ಹಾಕಿದರು, ಕಾರು ಹೋಯಿತು. ಸಂಜೆ ಲಲಿತಾ ಬಂದವಳು ಖಾಲಿ ಮೂಲೆಯನ್ನು ಒಮ್ಮೆ ನೋಡಿ, ಕೈಕಾಲು ತೊಳೆದು ಅಡುಗೆಮನೆಗೆ ನಡೆದಳು. ಮರುಳಸಿದ್ದಪ್ಪ ಅವಳ ಹಿಂದೆಯೇ ಬಾಗಿಲವರೆಗೆ ಹೋಗಿ ನಿಂತರು. ಬೆಳಿಗ್ಗೆ ತಾವು ಆಡಿದ್ದನ್ನು ಹೇಳಬೇಕೆಂದು ಮಧ್ಯಾಹ್ನದಿಂದ ಕಾದಿದ್ದರು. ಈಗ ಹೇಳಿದರೆ ತಮ್ಮನ್ನೇ ತಾವು ಹೊಗಳಿಕೊಂಡಂತೆ ಆದೀತೇ ಎನಿಸಿತು. ಅದೇ ಮಾತನ್ನು ಗೇಟಿನಲ್ಲಿ ಕಾರು ನಿಂತ ರಾತ್ರಿ ಊಟಕ್ಕೆ ಕೂತಾಗ ಆಡಿದ್ದರೆ, ಅದಕ್ಕೂ ಮೊದಲು ದೊಡ್ಡಬಸಪ್ಪನ ಎದುರು ಆಟೋದಲ್ಲಿ ಕೂತಾಗಲೇ ಆಡಿದ್ದರೆ ಎಂದು ಯೋಚಿಸುತ್ತ ಅವರು ಚೌಕಟ್ಟು ಹಿಡಿದು ನಿಂತೇ ಇದ್ದರು.

ಲಲಿತಾ ತಿರುಗಿ ನೋಡಿದಳು.

"ಏನಾರ ಬೇಕಿತ್ತೇನ್ರಿ ಮಾವ?"

"ಏನಿಲ್ಲವ್ವ."

"ಊಟಕ್ಕ ಹಾಕ್ಲೇನ್ರಿ?"

"ಹಾಕವ್ವ," ಎಂದರು ಅವರು.